ತೋಳ ಓಗೊಟ್ಟ ಸಂಜೆ

ಕುಪ್ಪೇಲೂರಿನ ಆಚೆ ಬೈಕು ಪಂಕ್ಚರ್ ಆಗಿತ್ತು. ಮೆಕ್ಯಾನಿಕ್ ಬರುವವರೆಗೆ, ಹೊಲದಲ್ಲಿ ಕುರಿ ತರುಬಿ ಕಾಯುತ್ತಿದ್ದ ಕುರಿಗಾಹಿ ಬೀರಪ್ಪನ ಪಕ್ಕ ಕುಳಿತಿದ್ದೆ. ನಿನ್ನೆ ತೋಳ ಅವನದೊಂದು ಮರಿಯನ್ನು ಹೊತ್ತೊಯ್ದಿತ್ತು. ಇವತ್ತೂ ಸುತ್ತಮುತ್ತ ಇದೆಯಂತೆ. ಕಾನೂನಿನಂತೆ ಕೊಲ್ಲುವ ಹಾಗಿಲ್ಲ, ಓಡಿಸಬೇಕಷ್ಟೆ. ಅದಕ್ಕೆ ತಕ್ಕ ಬಂದೂಕು ಅವನ ತೊಡೆಯ ಮೇಲಿತ್ತು: ಪ್ಲಾಸ್ಟಿಕ್ ಪೈಪು, ಒಳಗೆ ನೀರು ಬಿದ್ದರೆ ಅನಿಲ ಬಿಡುವ ಕಾರ್ಬೈಡು, ಹಿಂದೆ ಅದಕ್ಕೆ ಕಿಡಿ ತಾಗಿಸುವ ಲೈಟರು. ಗುಂಡಿಲ್ಲ, ಬರೀ ಸದ್ದು.

"ಹಂಗಾರ ಹೊಡೀಪಾ" ಎಂದೆ.

"ಯಾವ ಕಡೆ ಐತಿ ಗೊತ್ತಿಲ್ದ ಹೊಡದ್ರ ಕುರಿ ಬೆದರಿ ಅದರ ಬಾಯಿಗೇ ಓಡ್ತಾವ್ರಿ. ಮೊದಲ ತೋಳದಂಗ ಒದರಿ ಅದನ್ನ ಕರೀಬೇಕು, ಅದು ಓಗೊಟ್ರ ಯಾವ ಕಡೆ ಐತಿ ಗೊತ್ತಾಗ್ತೈತಿ."

ನಿನ್ನೆ ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. "ನೀವ ಒದರ್ರಿ, ಸಾಹೇಬ್ರ."

ಮನೆ ಬಿಡುವಾಗ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು ನಾನು. "ಕರದ್ರ ಬಂದ ಬಿಟ್ರ?"

"ಬರ್ಲಿ ಅಂತನ ಕರಿಯೂದ್ರೀ!"

ಬಾಯಿಗೆ ಕೈ ಹಿಡಿದು ಊಳಿಟ್ಟೆ. ಅವನ ನಾಯಿ ನನ್ನನ್ನು ಕನಿಕರದಿಂದ ನೋಡಿತು. ಎರಡನೆಯ ಸಲ, ವರ್ಷಗಟ್ಟಲೆ ನುಂಗಿಕೊಂಡಿದ್ದ ದಿಗಿಲನ್ನೆಲ್ಲ ಸೇರಿಸಿ ಊಳಿಟ್ಟೆ. ಮೂಡಣ ದಿಬ್ಬದಿಂದ ಉದ್ದನೆಯ ಉತ್ತರ ಬಂತು! ನನ್ನ ಮಾತಿಗೆ ಮನೆಯಲ್ಲಿ ಕೂಡ ಇಷ್ಟು ಬೇಗ ಯಾರೂ ಓಗೊಟ್ಟಿಲ್ಲ.

ಬೀರಪ್ಪ ಆ ಮಗ್ಗುಲಿಗೆ ಓಡಿ ಪೈಪು ಹಾರಿಸಿದ. ಢಂ! ಕುರಿಗಳು ನಮ್ಮ ಕಡೆ ಒತ್ತರಿಸಿದವು; ಬೂದುಬಣ್ಣದ ಬೆನ್ನೊಂದು ದಿಬ್ಬದಾಚೆ ಮಾಯವಾಯಿತು. ಮರಿಗಳೆಲ್ಲ ತಾಯಂದಿರ ಹೊಟ್ಟೆಯಡಿ ಇದ್ದವು.

"ಖರೇ ತೋಳದ ದನಿರೀ ನಿಮ್ದು!"

ನಾನು ಆಗಲೇ ಬಾಯಿಗೆ ಕೈ ಹಿಡಿದಿದ್ದೆ. "ಇನ್ನೊಮ್ಮೆ ಕರೀಲೇನು?"

"ಬ್ಯಾಡ್ರೀ ಯಪ್ಪಾ, ಹೊಳ್ಳಿ ಬಂದೀತು!"