ಬುಧವಾರದ ಕೆಂಪು ಚೌಕಗಳು

ಬುಧವಾರ ನನ್ನ ಪಾಠಕ್ಕೆ ಬರುವ ಪ್ರತಿಯೊಬ್ಬರ ಕೈಯಲ್ಲೂ ಪತ್ರಿಕೆಯಿಂದ ಕತ್ತರಿಸಿದ ಒಂದು ನಕ್ಷೆಯೋ ಗ್ರಾಫೋ ಇರಲೇಬೇಕು. ಇದು ನಾನೇ ಮಾಡಿದ ಕಾನೂನು. ಮಳೆಯ ಲೆಕ್ಕ, ಬಂಡೀಪುರದ ಆನೆಗಳ ದಾರಿ, ಮತದಾನದ ಬಣ್ಣಬಣ್ಣದ ಚಿತ್ರ, ಯಾವುದಾದರೂ ಸರಿ. ಗೋಡೆಗೆ ಅಂಟಿಸಿ, ‘ಇದು ಏನು ಹೇಳ್ತಿದೆ, ಏನು ಹೇಳ್ತಿಲ್ಲ?’ ಅಂತ ಮಕ್ಕಳನ್ನು ಕೆಣಕುವುದೆಂದರೆ ನನಗೆ ಹಬ್ಬ. ತರದವರು ಬಾಗಿಲ ಹೊರಗೆ ನಿಲ್ಲಬೇಕಿತ್ತು. ನನ್ನ ಸಿಟ್ಟು ತೆರಕಣಾಂಬಿಯ ಬಸ್ ಸ್ಟ್ಯಾಂಡಿನವರೆಗೂ ಪ್ರಸಿದ್ಧ.

ಆ ವರ್ಷ ಹತ್ತನೇ ತರಗತಿಯ ಒಬ್ಬಳ ಹಾಜರಿ ಕಮ್ಮಿಯಾಗಿತ್ತು. ಮಳೆಗಾಲದಲ್ಲಿ ಕಾಮಾಲೆಯಾಗಿ ಹಲವು ವಾರ ಮಲಗಿದ್ದಳು, ಸರಿ. ಆದರೆ ವಾಸಿಯಾದ ಮೇಲೂ ತಪ್ಪಿಸಿಕೊಳ್ಳುತ್ತಿದ್ದಳು. “ಸರಿಯಾದ ಕಾರಣ ಬರೆದು ಕೊಡಿ ಮೇಡಂ, ಇಲ್ಲದಿದ್ರೆ ಪರೀಕ್ಷೆಗೆ ಅವಳ ಹೆಸರು ಕಳಿಸೋಕಾಗಲ್ಲ,” ಅಂದರು ಹೆಡ್ ಮಾಸ್ಟರು.

ನನಗೆ ಕುತೂಹಲ ಹತ್ತಿತು. ಹಾಜರಿ ಪುಸ್ತಕವನ್ನೇ ಪತ್ರಿಕೆಯವರು ಮಾಡುವ ಹಾಗೆ ಚಿತ್ರ ಮಾಡಿದರೆ? ಒಬ್ಬೊಬ್ಬರಿಗೆ ಒಂದು ಸಾಲು, ದಿನಕ್ಕೊಂದು ಚೌಕ, ಬರದಿದ್ದರೆ ಕೆಂಪು. ಹೆಸರಿನ ಬದಲು ಬರೀ ನಂಬರು. ಕಂಪ್ಯೂಟರಿನಲ್ಲಿ ತುಂಬಿಸಿ, ಮುಂದಿನ ಪಾಠದಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆ. ಅವಳು ಅವತ್ತೂ ಬಂದಿರಲಿಲ್ಲ.

ಎಲ್ಲರ ಸಾಲಿನಲ್ಲೂ ಕೆಂಪು ಚೆಲ್ಲಾಪಿಲ್ಲಿ. ಒಂದು ಸಾಲಿನಲ್ಲಿ ಮಾತ್ರ, ಕಾಮಾಲೆಯ ಕೆಂಪು ಪಟ್ಟಿ ಮುಗಿದ ಮೇಲೆ, ಅಳತೆ ಹಿಡಿದು ಇಟ್ಟ ಹಾಗೆ ವಾರಕ್ಕೊಂದು. ಎಲ್ಲವೂ ಬುಧವಾರ! ನಂಬರು ಯಾರದೆಂದು ಮಕ್ಕಳಿಗೆ ಗೊತ್ತಾಗಲು ಒಂದು ಗಳಿಗೆಯೂ ಬೇಕಾಗಲಿಲ್ಲ.

“ಮಿಸ್, ಬುದ್ವಾರ ಉವ್ವ ತುಂಬಕ್ಕೆ ಕೇರಳದ ಲಾರಿ ಬತ್ತದೆ. ಚೆಂಡುವ್ವ ಕೀಳಕ್ಕೆ ಓಗಿರ್ತಾಳೆ ಬುಡಿ!” ಅಂದ ಒಬ್ಬ.

“ಅವರ ಒಲದಲ್ಲಿ ಈ ಸಲ ಅರಿಸಿನ ಕಣ್ಲಾ,” ಅಂದ ಪಕ್ಕದವನು.

ಅರಿಸಿನದ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಹೂವು, ಲಾರಿ, ಬುಧವಾರ: ಎಷ್ಟು ಚೆನ್ನಾಗಿ ಹೊಂದಿತ್ತು! ಸಂಜೆ ಬಸ್ಸು ಹತ್ತಿ ಅವಳ ಊರಿಗೆ ಹೋದೆ. ಬಾಗಿಲಲ್ಲೇ ಅವಳ ತಾಯಿಯನ್ನು ತರಾಟೆಗೆ ತೆಗೆದುಕೊಂಡೆ. ಓದೋ ಹುಡುಗಿಯನ್ನು ಹೂ ಕೀಳೋಕೆ ಕಳಿಸ್ತೀರಲ್ಲ, ನಾಚಿಕೆ ಆಗಲ್ವಾ?

“ಉವ್ವಾ? ನಾವು ಉವ್ವ ಆಕೇ ಇಲ್ವಲ್ಲವ್ವ!” ಆಕೆ ಕಕ್ಕಾಬಿಕ್ಕಿಯಾದರು. “ಬುದ್ವಾರ ನಮ್ ಕ್ಲಾಸಿಗೆ ರಜ ಅಂದ್ಲು. ನೀವೇ ಕೊಟ್ಟಿದ್ದೀರಿ ಅನ್ಕೊಂಡೆ.”

ಹುಡುಗಿ ತಾಯಿಯ ಹಿಂದೆ ನೆಲ ನೋಡುತ್ತ ನಿಂತಿದ್ದಳು. ಏನಮ್ಮಿ ಇದು, ಅಂದೆ.

“ನಮ್ಮನೇಗೆ ಪೇಪರ್ ಬರಲ್ಲ ಮಿಸ್.”

“ಯಾರ ಹತ್ರಾದ್ರೂ ಕೇಳಿ ತರಬಾರದಾ?”

“ತಂದಿದ್ದೆ ಮಿಸ್ ಒಂದ್ಸಲ. ಬೋಂಡಾ ಕಟ್ಟಿದ್ದ ಪೇಪರು. ಮಳೆ ಗ್ರಾಫಿತ್ತು. ಎಣ್ಣೆ ಅಂಟದೆ ಅಂತ ನೀವು ಗೋಡೆಗೆ ಆಕ್ಲಿಲ್ಲ. ಎಲ್ರೂ ನಗಾಡ್ಬುಟ್ರು.”

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿ ಅಲ್ಲೇ ಜಗುಲಿಯ ಮೇಲೆ ಕೂತೆ. ಚಿತ್ರ ಏನು ಹೇಳುತ್ತಿಲ್ಲ ಅಂತ ವರ್ಷಗಟ್ಟಲೆ ಕೇಳುತ್ತ ಬಂದವಳಿಗೆ, ಬುಧವಾರ ನನ್ನದೇ ನಕ್ಷೆಯ ಪಾಠದ ದಿನ ಅನ್ನುವುದೂ ಹೊಳೆದಿರಲಿಲ್ಲ.

ಮರುದಿನ ಕಾರಣ ಬರೆದು ಕೊಟ್ಟೆ: ‘ಶಿಕ್ಷಕಿಯ ನಿಯಮಕ್ಕೆ ಹೆದರಿ.’ ಕೆಳಗೆ ನನ್ನ ಸಹಿ. ಹೆಡ್ ಮಾಸ್ಟರು ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಇದನ್ನ ಹೆಂಗೆ ಮೇಡಂ ಮೇಲಕ್ಕೆ ಕಳಿಸಲಿ?”

“ಹಂಗೇ ಕಳಿಸಿ ಸಾರ್.”

ಕಳಿಸುತ್ತೇನೆ, ಆದರೆ ಇನ್ನೊಂದು ದಿನ ತಪ್ಪಿದರೂ ಆಗುವುದಿಲ್ಲ, ಅಂದರು. ಮುಂದಿನ ಬುಧವಾರ ಬೆಲ್ಲು ಹೊಡೆಯುವ ಮುಂಚೆಯೇ ಹೋಗಿ ಗೇಟಿನಲ್ಲಿ ನಿಂತೆ. ಬಸ್ಸು ಬಂತು. ಅವಳು ಇಳಿದಳು, ಬರಿಗೈಯಲ್ಲಿ. ‘ಪೇಪರ್ ಎಲ್ಲಿ?’ ಅಭ್ಯಾಸಬಲದಿಂದ ಮಾತು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು, “ಬಾ ಕಣಮ್ಮಿ, ಒಳಗೆ ಕೂತ್ಕೋ,” ಅಂದೆ.