ರಷ್ಯಾದ ಹಾಡಿಗೆ ತೇಪೆ

ಹಳೆಯ ಟೇಪ್‌ರೆಕಾರ್ಡರಿಗೆ ಕರೆಂಟು ಕೊಟ್ಟ ಕೂಡಲೇ ಸುಟ್ಟ ರಬ್ಬರಿನ ವಾಸನೆ ಬಂತು ನೋಡಿ, ನಾನು ಕೂತಲ್ಲಿ ಕೂರಲಾರದೆ ಹೋದೆ. ಅಟ್ಟದಿಂದ ಅದನ್ನು ಇಳಿಸಿದವಳು ಮೊಮ್ಮಗಳು ರಕ್ಷಿತಾ. ಒಳಗಿದ್ದ ಕ್ಯಾಸೆಟ್ಟನ್ನು ಅದು ಕರಕರ ಅಗಿದು ನುಂಗಿತು.

"ಓಗ್ಲಿ ಬುಡಜ್ಜಿ. ಅದ್ರಲ್ಲಿ ಏನಿತ್ತು?"

"ರಷ್ಯಾದೋರು. ನಾನೂ ಇದ್ದೆ."

ನಗಬೇಡಿ, ಹೇಳುತ್ತೇನೆ. ನಮ್ಮ ಯಜಮಾನರು ಮಲ್ಲಿಪಟ್ಟಣದಲ್ಲಿ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರಲ್ಲಿ ಪ್ಯಾಂಟು ಹೊಲಿಸುತ್ತಿದ್ದ ಮೇಷ್ಟ್ರೊಬ್ಬರು ತಮ್ಮ ದೊಡ್ಡ ಗ್ರಾಮಫೋನ್ ಪ್ಲೇಟುಗಳಿಂದ ರಷ್ಯಾದ ನಾಟಕದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಟ್ಟಿದ್ದರು. ಆ ನಾಟಕದಲ್ಲಿ ಮಾತೇ ಇಲ್ಲವಂತೆ, ಜಗಳವನ್ನೂ ಹಾಡಿಯೇ ಆಡಬೇಕಂತೆ. ನಾನೂ ನನ್ನ ಓರಗಿತ್ತಿಯೂ ಹಾಗೆ ಆಡಿದ್ದರೆ ವರ್ಷ ಸಾಲುತ್ತಿರಲಿಲ್ಲ.

ಮೊದಲ ಹಾಡು ಗಂಡಸಿನದು. ರಾಗಿ ತೆಗೆಯಲು ನೆಲದೊಳಗಿನ ಹಗೇವಿಗೆ ಇಳಿದವನು ಕೆಳಗಿನಿಂದ ಕೂಗುತ್ತಾನಲ್ಲ, ಅಂಥ ದನಿ. ಅದು ನನಗೆ ಹಿಡಿಸಿತ್ತು. ಎರಡನೆಯದು ಹೆಂಗಸಿನದು, ಅವಳನ್ನು ಕಂಡರಾಗದು. ಮೆಲ್ಲಗೆ ಶುರು ಮಾಡಿ, ಹತ್ತಿ, ಹತ್ತಿ, ಇನ್ನೇನು ಅನ್ನುವಾಗ ಮತ್ತೆ ಇಳಿಯುವಳು. ಕೇಳುತ್ತ ಕೇಳುತ್ತ ಹಿಟ್ಟು ತೊಳಸುವ ಕೈ ತಪ್ಪುತ್ತಿತ್ತು.

ಒಂದು ದಿನ ಅವಳು ಹಾಡುತ್ತಿರುವಾಗಲೇ ಯಜಮಾನರು ನೂಲಿನುಂಡೆ ತರಲು ಹೊರಗೆ ಹೋದರು. ಒಳಗೆ ಸಾರು ಉಕ್ಕುತ್ತಿತ್ತು, ಹೊರಗೆ ಇವಳು. ರೇಗಿತು. ಸೌಟು ಹಿಡಿದೇ ಬಂದು ಕೆಂಪು ಗುಂಡಿ ಒತ್ತಿದೆ. ಹಾಸನದ ರೈಲ್ವೆ ಗೇಟಿನಲ್ಲಿ ಕೆಂಪು ಅಂದರೆ ನಿಲ್ಲು. ಟೇಪಿನಲ್ಲಿ ಕೆಂಪು ಅಂದರೆ ಇದ್ದದ್ದನ್ನು ಅಳಿಸಿ ಹೊಸದು ತುಂಬು ಅಂತ ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವಳಿಗೆ ಯಾರು ಹೇಳಿದ್ದರು? ಹಾಡು ನಿಂತರೂ ಚಕ್ರ ತಿರುಗುತ್ತಲೇ ಇರುವುದನ್ನು ಕಂಡು ಕೈಗೆ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದೆ.

ಸಂಜೆ ಅವರು ಮತ್ತೆ ಹಾಕಿದರು. ಹೆಂಗಸು ಹತ್ತಿದಳು, ಹತ್ತಿದಳು, ಆಮೇಲೆ ನನ್ನ ದನಿ ಬಂತು: "ಯಾರ್ ಸತ್ರು ಅಂತ ಇಂಗ್ ಬಾಯ್ ಬಡ್ಕತಾಳೋ! ಅಪ್ಪಾ, ಮುಚ್ಚುದ್ಲು." ಹಿಂದೆಯೇ ಸೌಟು ಬಿದ್ದ ಸದ್ದು. ಆಮೇಲೆ ಹಾಡಿನ ಬಾಲ.

"ಲೇ, ರಷ್ಯಾದವ್ಳ ಆಡ್ಗೆ ನಿನ್ ಬಾಯಿಂದ ತೇಪೆ ಆಕ್ಬುಟ್ಟಿದ್ದೀಯಲ್ಲೇ!" ಅಂದರು. ನಕ್ಕರು. ಅಷ್ಟೇ.

ಅಲ್ಲಿಂದ ಸಾಯುವ ವರ್ಷದವರೆಗೂ, ಆ ಜಾಗ ಬಂದಾಗಲೆಲ್ಲ ಅವರ ಕಾಲು ಹೊಲಿಗೆ ಮಿಷನ್ನಿನ ಮೇಲೆ ನಿಂತುಬಿಡುತ್ತಿತ್ತು. ತೇಪೆ ಮುಗಿದ ಮೇಲೆ ಮತ್ತೆ ತುಳಿಯುವರು. ನನ್ನನ್ನು ಆಡಿಕೊಳ್ಳುತ್ತಾರೆಂದೇ ತಿಳಿದಿದ್ದೆ.

"ಮಿಷನ್ ನಿಲ್ಸಿ ಕೇಳೋ ಅಂಗೈತಾ ನನ್ ಬೈಗ್ಳ?" ಎಂದು ಎಷ್ಟು ಸಲ ಹರಿಹಾಯ್ದೆನೋ.

"ಊಂ ಕಣೇ" ಅನ್ನುವರು.

ರಕ್ಷಿತಾ ಕ್ಯಾಸೆಟ್ಟಿನ ಡಬ್ಬಿಯ ಮೇಲೆ ಮೇಷ್ಟ್ರು ಬರೆದಿದ್ದ ಹೆಸರುಗಳನ್ನು ಫೋನಿನಲ್ಲಿ ಹುಡುಕಿದಳು. ಸಿಕ್ಕಿಬಿಟ್ಟಳು, ಅದೇ ಹೆಂಗಸು. ನಾನು ಎದ್ದೆ, ಕೂತೆ, ಸೆರಗು ಕೊಡವಿದೆ, ಮತ್ತೆ ಎದ್ದೆ. ಅವಳು ಹತ್ತಿದಳು. ನನ್ನ ಬೈಗುಳ ಬರಬೇಕಾದ ಜಾಗ ಬಂತು. ಬೈಗುಳ ಬರಲಿಲ್ಲ. ಅವಳು ಉಸಿರು ಎಳೆದುಕೊಂಡಳು, ಅದೂ ಕೇಳಿಸಿತು. ನಾಟಿ ಹಾಕುತ್ತ ಬಗ್ಗಿಕೊಂಡೇ ಹಾಡಿದವಳು ನಾನು, ಆ ಉಸಿರಿನ ಕಷ್ಟ ಗೊತ್ತು. ಇನ್ನು ಕಿರುಚುತ್ತಾಳೆ ಅಂದುಕೊಂಡೆ. ಕಿರುಚಲೇ ಇಲ್ಲ. ಸೂಜಿಯ ಕಣ್ಣಿಗೆ ಪೋಣಿಸುವ ದಾರದಷ್ಟು ಸಣ್ಣಗೆ ಒಂದೇ ಸ್ವರ ತೆಗೆದು, ಹರಿಯದ ಹಾಗೆ ಎಳೆದಳು, ಎಳೆದಳು.

ನಾನು ಅಳಿಸಿದ್ದು ಇದನ್ನು. ಅವರು ಅಷ್ಟು ವರ್ಷ ಕಾಲು ನಿಲ್ಲಿಸಿ, ನನ್ನ ಬೈಗುಳದ ಅಡಿಯಲ್ಲಿ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತಿದ್ದುದು ಇದನ್ನು. ಒಂದು ದಿನವೂ ಬಾಯಿ ಬಿಡಲಿಲ್ಲ, ಆ ಮನುಷ್ಯ.

"ಇನ್ನೊಂದ್ ಸತಿ ಕೇಳ್ತೀಯ ಅಜ್ಜಿ? ತಗೋ, ನೀನೇ ಒತ್ತು" ಎಂದು ರಕ್ಷಿತಾ ಫೋನು ಚಾಚಿದಳು. ನೋಡಿದರೆ ಅದರ ಮೇಲೂ ಒಂದು ಕೆಂಪು ಗುರುತು.

ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ನೀನೇ ಒತ್ತವ್ವ" ಅಂದೆ.