ಸುಮಿಯೆ ಟೀಚರ್ ಮನೆಯ ಊಟ

ನಮ್ಮ ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಸುಮಿಯೆ ಟೀಚರ್ ಇಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಪಾಠ ಹೇಳುತ್ತಿದ್ದಾರೆ. ಹೊರಗೆ ಬೋರ್ಡಿಲ್ಲ. ಟೋಕಿಯೊದ ಹೆಸರುವಾಸಿ ಖಾಸಗಿ ಶಾಲೆಗಳ ಒಂದನೇ ಕ್ಲಾಸಿಗೆ ಐದಾರು ವರ್ಷದ ಮಕ್ಕಳನ್ನು ತಯಾರು ಮಾಡುವುದು ಅವರ ಕೆಲಸ. ಊಟದ ಕಡ್ಡಿಗಳಲ್ಲಿ ಒಂದೊಂದೇ ಕಾಳು ಎತ್ತಿಡಬೇಕು, ಕಿತ್ತಳೆ ಸುಲಿದು ಸಿಪ್ಪೆಯನ್ನು ಒಪ್ಪವಾಗಿ ಮಡಿಸಿಡಬೇಕು, ಬೆನ್ನ ಹಿಂದೆ ದಾರ ಕಟ್ಟಿಕೊಳ್ಳಬೇಕು. ಆಮೇಲೆ ಅಪ್ಪ ಅಮ್ಮನ ನಡುವೆ ಕೂತು ಸಂದರ್ಶನ. ಶಾಲೆಯವರಿಗೆ ಬೇಕಾದ್ದು ಮನೆಯಲ್ಲೇ ಸಹಜವಾಗಿ ಬೆಳೆದ ಮಗು. ಹಾಗಾಗಿ ಪಾಠಕ್ಕೆ ಕಳಿಸಿದ್ದನ್ನು ಯಾರೂ ಬಾಯಿಬಿಡುವುದಿಲ್ಲ. ಸೀಟು ಸಿಕ್ಕ ಮೇಲೆ ಒಂದು ಡಬ್ಬಿ ಸಿಹಿ ಕೊಟ್ಟು ಹೋದರೆ ಮುಗಿಯಿತು, ಬೀದಿಯಲ್ಲಿ ಎದುರಾದರೂ ಟೀಚರ್ ಯಾರೋ ಇವರು ಯಾರೋ. ಹೊಸ ವರ್ಷಕ್ಕೊಂದು ಕಾರ್ಡೂ ಬರುವುದಿಲ್ಲ. ಸಂದರ್ಶನಕ್ಕೆಂದು ಆ ಜನ ತೊಡುವ ಕಡುನೀಲಿ ಸೂಟುಗಳಿಗೆ ಇಸ್ತ್ರಿ ಹಾಕುವವನು ನಾನೇ. ಒಂದೊಂದು ಸಲ ತೋಳು ಸುಟ್ಟುಬಿಡೋಣ ಅನ್ನಿಸಿದ್ದುಂಟು.

ಟೀಚರಿಗೆ ಅರವತ್ತು ದಾಟಿದೆ. ಮದುವೆಯಾಗಲಿಲ್ಲ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಮೇಲಿನಿಂದ ಕೇಳುತ್ತಿದ್ದುದು ರೇಡಿಯೊ ಒಂದೇ.

ಹೋದ ವಸಂತದಲ್ಲಿ ವಕಾಬಾ ಬಂದಳು. ತಾಯಿ ತೀರಿಕೊಂಡು ಎರಡು ವರ್ಷ. ತಂದೆ ಮುನಕಾತಾ ಆಫೀಸಿನಿಂದ ಬರುವುದೇ ತಡ. ಉಳಿದ ಮಕ್ಕಳು ಹೋದ ಮೇಲೂ ಹುಡುಗಿ ಕಿಟಕಿ ಹತ್ತಿರ ಕೂತಿರುತ್ತಿದ್ದಳು. ಹಸಿದ ಮಗುವಿನ ಎದುರು ಒಬ್ಬರೇ ಉಣ್ಣುವುದು ಹೇಗೆ? ಟೀಚರ್ ಅವಳಿಗೂ ಒಂದು ಬಟ್ಟಲು ಇಟ್ಟರು. ಅನ್ನ, ಬಿಸಿ ಸಾರು, ಹುರಿದ ಮೀನು. ದಿನವಿಡೀ ಬೆನ್ನು ನೆಟ್ಟಗಿಡು ಅನ್ನುವ ಹೆಂಗಸು, ಬಾಯಿ ತುಂಬ ಅನ್ನ ಇಟ್ಟುಕೊಂಡು ಹುಡುಗಿ ಹರಟುತ್ತಿದ್ದರೆ ಒಂದು ಮಾತೂ ತಿದ್ದುತ್ತಿರಲಿಲ್ಲ. ರೇಡಿಯೊ ನಿಂತಿತು. ಟೀಚರ್ ಮೆಟ್ಟಿಲ ಮೇಲೆ ಗುನುಗಿಕೊಂಡು ಇಳಿದದ್ದನ್ನು ನಾನು ಕೇಳಿದ್ದು ಆಗಲೇ.

ಸೆಪ್ಟೆಂಬರಿನಲ್ಲಿ ಅಣಕು ಸಂದರ್ಶನ. ಪ್ರತಿ ವರ್ಷ ನಾನೇ ಅದಕ್ಕೆ ಹೆಡ್ ಮಾಸ್ಟರು, ಇರುವ ಒಂದು ಟೈ ಕಟ್ಟಿಕೊಂಡು. ಗಂಟಲು ಸರಿಮಾಡಿಕೊಂಡು ಕೇಳಿದೆ: "ವಕಾಬಾ, ರಾತ್ರಿ ಊಟ ಯಾರ ಜೊತೆ ಮಾಡ್ತೀಯಾ?"

"ಸುಮಿಯೆ ಟೀಚರ್ ಜೊತೆ," ಅಂದಳು ಹುಡುಗಿ, ಮುಖ ಅರಳಿಸಿ.

ಮುನಕಾತಾ ಬಿಳಿಚಿಕೊಂಡ. ಹುಡುಗಿಯನ್ನು ಪಕ್ಕದ ಕೋಣೆಗೆ ಕಳಿಸಿ ಹೇಳಿದ: "ಅಮ್ಮ ಇಲ್ಲದ ಮಗು ಅಂತ ಮೊದಲೇ ಶಾಲೆಯವರಿಗೆ ಅನುಮಾನ. ಹೊರಗಿನವರ ಮನೇಲಿ ಉಣ್ಣುತ್ತೆ ಅಂತ ಗೊತ್ತಾದ್ರೆ ಮುಗೀತು. ಅವಳಮ್ಮ ಓದಿದ ಶಾಲೆ ಅದು, ಟೀಚರ್. ಸಾಯೋ ಮುಂಚೆ ಕೇಳಿದ್ದು ಅದೊಂದೇ. ಹೇಗಾದ್ರೂ ಬೇರೆ ಉತ್ತರ ಹೇಳಿಕೊಡಿ."

ಟೀಚರ್ ಪಕ್ಕದ ಕೋಣೆಯ ಬಾಗಿಲು ಎಳೆದು ಬಂದು ಅಂದರು: "ಹೇಳಿಕೊಟ್ಟ ಸುಳ್ಳು ಅವಳ ಮುಖದಲ್ಲೇ ಗೊತ್ತಾಗುತ್ತೆ. ಅವಳು ನಿಜಾನೇ ಹೇಳ್ಬೇಕು. ನಾಳೆಯಿಂದ ಬೇಗ ಬನ್ನಿ. ಮನೇಲಿ ನೀವೇ ಅಡುಗೆ ಮಾಡಿ."

"ನಂಗೆ ಮೊಟ್ಟೆ ಬೇಯಿಸೋಕೂ ಬರಲ್ಲ."

"ಅವಳ ಕಣ್ಣಿಗೆ ನೀವು ಮಾಡಿದ ಹಾಗಿದ್ರೆ ಸಾಕು."

ಮರುದಿನದಿಂದ ಟೀಚರ್ ಮಧ್ಯಾಹ್ನವೇ ಅಡುಗೆ ಮುಗಿಸಿ ಡಬ್ಬಿ ನನ್ನ ಕೈಗೆ ಕೊಡತೊಡಗಿದರು. ನಾನು ಅದನ್ನು ಮುನಕಾತಾನ ಅಂಗಿಗಳ ಕೆಳಗೆ ಬಚ್ಚಿಟ್ಟು ಚೀಲ ಕಟ್ಟುತ್ತಿದ್ದೆ. ಅವನು ಮನೆಗೆ ಹೋಗಿ ಅಡುಗೆಮನೆ ಬಾಗಿಲು ಹಾಕಿಕೊಂಡು ಬಿಸಿ ಮಾಡಿ ಬಡಿಸುತ್ತಿದ್ದ. ಹುಡುಗಿಗೆ ಅದು ಅಪ್ಪನ ಕೈಯಡುಗೆ. ಮೇಲೆ ಮತ್ತೆ ರೇಡಿಯೊ ಶುರುವಾಯಿತು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಡಬ್ಬಿ ಇಸಿದುಕೊಳ್ಳುತ್ತ ಅಂದೆ: "ನೀವು ಸುಮ್ನಿದ್ದಿದ್ರೆ ಆಗ್ತಿತ್ತಲ್ಲ. ಆ ಸೀಟು ತಪ್ಪಿದ್ರೆ ಹುಡುಗಿ ಇಲ್ಲೇ ಪಕ್ಕದ ಸರ್ಕಾರಿ ಶಾಲೆಗೆ ಹೋಗ್ತಿದ್ಲು. ಸಂಜೆ ನಿಮ್ಮ ಹತ್ರಾನೇ ಬರ್ತಿದ್ಲು."

"ಅದು ನಂಗೆ ಹೊಳೀಲಿಲ್ಲ ಅಂದ್ಕೊಂಡ್ರಾ ಇವಾಸೆಯವರೇ?" ಅಂದರು ಟೀಚರ್. "ಡಬ್ಬಿ ನೆಟ್ಟಗೆ ಹಿಡ್ಕೊಳ್ಳಿ, ಸಾರು ಚೆಲ್ಲುತ್ತೆ."

ನವೆಂಬರಿನಲ್ಲಿ ವಕಾಬಾಗೆ ಸೀಟು ಸಿಕ್ಕಿತು. ಅಪ್ಪ ಮಗಳು ಸಿಹಿ ಡಬ್ಬಿ ಹಿಡಿದು ಬಂದಾಗ ಟೀಚರ್ ನನ್ನ ಅಂಗಡಿಯಲ್ಲೇ ಇದ್ದರು. ಸೆಂಡೈಯಿಂದ ಅಜ್ಜಿ ಬಂದು ಮನೆಯಲ್ಲೇ ಇರುತ್ತಾರೆ, ಇನ್ನು ತೊಂದರೆ ಕೊಡುವುದಿಲ್ಲ ಅಂದ ಮುನಕಾತಾ. ಮುಂದಿನ ಮಾತು ಅವನ ಬಾಯಲ್ಲಿ ಸಿಕ್ಕಿಕೊಂಡಿತು. ಟೀಚರೇ ಅದನ್ನು ಮುಗಿಸಿಕೊಟ್ಟರು: "ದಾರೀಲಿ ಕಂಡ್ರೆ ಮಾತಾಡಿಸ್ಬೇಡಿ. ನಾನೂ ಮಾತಾಡಿಸಲ್ಲ."

ವಕಾಬಾ ಟೀಚರ ತೋಳು ಎಳೆದಳು. "ಟೀಚರ್, ಒಂದಿನ ನಮ್ಮನೆಗೆ ಊಟಕ್ಕೆ ಬನ್ನಿ. ನಮ್ಮಪ್ಪ ಹುರಿಯೋ ಮೀನು ಇದ್ಯಲ್ಲ, ನಿಮ್ಮದಕ್ಕಿಂತ ಚೆನ್ನಾಗಿರುತ್ತೆ. ಬೇಜಾರು ಮಾಡ್ಕೋಬೇಡಿ."

ಮುನಕಾತಾನ ಕಿವಿ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದ. ಟೀಚರ್ ಅವನತ್ತ ನೋಡಿ ಬೇಡ ಎಂದು ತಲೆಯಾಡಿಸಿದರು.

"ಬೇಜಾರು ಯಾಕೆ ಮಗು, ಅಪ್ಪ ಮಾಡಿದ್ದಲ್ವಾ," ಅಂದರು. "ಚೆನ್ನಾಗೇ ಇರುತ್ತೆ."

ಇಬ್ಬರೂ ಹೊರಟರು. ಟೀಚರ್ ಬಾಗಿಲವರೆಗೆ ಹೋಗಿ ತಲೆ ಬಾಗಿಸಿ ನಮಸ್ಕರಿಸಿದರು. ಅಪ್ಪ ಮಗಳು ಬೀದಿ ದಾಟಿ ತಿರುವಿನಲ್ಲಿ ಮರೆಯಾದ ಮೇಲೂ ಆ ತಲೆ ಮೇಲೇಳಲಿಲ್ಲ.